ಕೆನ್ನೆಗೆ ಬೇಕಿದ್ದ ಕೆಂಪು

ಕಾರುಗಳಿಗೆ ಬಣ್ಣ ಹೊಡೆಯುವ ಗ್ಯಾರೇಜಿನಲ್ಲಿ ಅವನನ್ನು ಎಲ್ಲರೂ ಶೇಡಣ್ಣ ಎಂದೇ ಕರೆಯುತ್ತಿದ್ದರು. ಗೀರು ಬಿದ್ದ ಕಾರು ಬಂದರೆ, ಬಿಸಿಲಿಗೆ ಮಾಸಿದ ಹಳೆಯ ಬಣ್ಣವನ್ನು ಕಣ್ಣಂದಾಜಿನಲ್ಲೇ ಬೆರೆಸಿ, ಪೆಟ್ಟಾದ ಜಾಗ ಮಾಲೀಕನಿಗೇ ಗುರುತು ಸಿಗದಂತೆ ಮಾಡುತ್ತಿದ್ದ. ಕೈಚಳಕ ದೊಡ್ಡದು, ಜಂಬ ಅದಕ್ಕಿಂತ ಒಂದು ಗೇಣು ಹೆಚ್ಚು. ಮನೆಯ ನಲ್ಲಿ, ಫ್ಯಾನು, ಮಿಕ್ಸಿ ಯಾವುದಕ್ಕೂ ಹೊರಗಿನವರ ಕೈ ಸೋಕಿದ್ದಿಲ್ಲ. ಅವನು ರಿಪೇರಿ ಮಾಡಿದ ಮಿಕ್ಸಿ ಹಾಕಿದರೆ ಪಕ್ಕದ ಮನೆಯ ಮಗು ಎದ್ದು ಅಳುತ್ತಿತ್ತು, ಅದು ಬೇರೆ ಮಾತು.

ಅವನ ಒಬ್ಬಳೇ ಮಗಳು ಹಿಂದಿನ ವರ್ಷ ಕಾಯಿಲೆ ಬಿದ್ದು ತೀರಿಕೊಂಡಿದ್ದಳು. ಪುಟ್ಟ ಮಕ್ಕಳ ಶಾಲೆಯಲ್ಲಿ ಟೀಚರ್ ಆಗಿದ್ದವಳು. ಹಣ್ಣು, ಹಕ್ಕಿಗಳ ಚಿತ್ರ ಅಚ್ಚು ಹಾಕಿ ಒಯ್ಯಲೆಂದು ಮನೆಯಲ್ಲೊಂದು ಸಣ್ಣ ಪ್ರಿಂಟರ್ ಇಟ್ಟುಕೊಂಡಿದ್ದಳು. ಅವಳು ಹೋದ ಮೇಲೆ ಅದಕ್ಕೊಂದು ಟವೆಲ್ ಹೊದಿಸಿದ್ದು ಬಿಟ್ಟರೆ ಯಾರೂ ಮುಟ್ಟಿರಲಿಲ್ಲ. ಈಗ ಹೆಂಡತಿಯ ಕಣ್ಣು ಹೋಗುತ್ತಿತ್ತು. ಒಂದು ಆಗಲೇ ಪೂರ್ತಿ ಹೋಗಿತ್ತು, ಇನ್ನೊಂದು ಎಷ್ಟು ದಿನವೋ ಹೇಳಲಾಗದೆಂದು ಡಾಕ್ಟರು ಕೈಚೆಲ್ಲಿದ್ದರು. ಮೊಬೈಲಿನ ಬೆಳಕು ಅವಳಿಗೆ ಚುಚ್ಚುತ್ತಿತ್ತು, ಅದರಲ್ಲಿನ ಫೋಟೊ ಬರೀ ಮಸುಕು.

"ಮಗು ಮುಖಾನ ದೊಡ್ಡದಾಗಿ ಕಾಗದದ ಮೇಲೆ ಹಾಕ್ಸಿಕೊಡಿ. ಪೂರ್ತಿ ಕತ್ತಲಾಗೋಕೆ ಮುಂಚೆ ಒಂದ್ಸಲ ಕಣ್ತುಂಬ ನೋಡ್ಕೋತೀನಿ," ಅಂದಳು. "ಬೀದಿ ಕೊನೇಲಿ ಸ್ಟುಡಿಯೋ ಇದೆಯಲ್ಲ."

"ಸ್ಟುಡಿಯೋ ಯಾಕೆ? ನಾನೇನು ಸತ್ತಿದೀನಾ?" ಎನ್ನುತ್ತ ಅವನು ಟವೆಲ್ ಎಳೆದ.

ಬಿಸಿಲಲ್ಲಿ ನಿಂತು ನಗುತ್ತಿದ್ದ, ಕೆನ್ನೆ ಕೆಂಪಾಗಿದ್ದ ಮಗಳ ಫೋಟೊ ಅದು. ಹಾಳೆ ಕುಂಟುತ್ತಾ ಹೊರಗೆ ಬಂತು. ಹೆಂಡತಿ ತಡೆಯಲಾರದೆ ಅದನ್ನು ಎತ್ತಿ ನೋಟವಿದ್ದ ಕಣ್ಣಿಗೆ ಹತ್ತಿರ ಹಿಡಿದಳು. ಮುಖವೆಲ್ಲ ಹಸಿರು, ನಡುವೆ ಬಿಳಿ ಬಿಳಿ ಗೀಟು.

"ಆಸ್ಪತ್ರೇಲಿ ಕೊನೇ ದಿನ ಹಿಂಗೇ ಇದ್ಳಲ್ರೀ," ಅಂದಳು.

ಅವನು ಹಾಳೆ ಕಿತ್ತುಕೊಂಡ. "ಕೆಂಪು ಬಂದಿಲ್ಲ, ಅಷ್ಟೇ. ನಾಳೆ ನೋಡು ಹೆಂಗೆ ಬರುತ್ತೆ ಅಂತ."

ಯಾವ ಬಣ್ಣ ಬರುತ್ತಿಲ್ಲವೆಂದು ಪ್ರಿಂಟರಿನಿಂದ ಪರೀಕ್ಷೆಯ ಹಾಳೆ ತೆಗೆದು ನೋಡಿದ. ಕಪ್ಪು, ನೀಲಿ, ಹಳದಿ ಗೆರೆಗಳಿದ್ದವು, ಕೆಂಪಿನ ಸಾಲು ಖಾಲಿ. ತಿಂಗಳುಗಟ್ಟಲೆ ಸುಮ್ಮನಿದ್ದ ಯಂತ್ರದ ಸೂಜಿಕಣ್ಣಿನಂಥ ತೂತುಗಳಲ್ಲಿ ಶಾಯಿ ಒಣಗಿ ಗಟ್ಟಿಯಾಗಿತ್ತು. ಅದು ತನ್ನನ್ನು ತಾನೇ ತೊಳೆದುಕೊಳ್ಳಲೆಂದು ಗುಂಡಿ ಒತ್ತಿದ, ಗೊರಗೊರ ಎಂದಿತು. ಮತ್ತೆ ಒತ್ತಿದ. ಹಾಗೆ ತೊಳೆಯುವಾಗಲೆಲ್ಲ ಇರುವ ಶಾಯಿಯೂ ಪೋಲಾಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಸಂಜೆಯ ಹೊತ್ತಿಗೆ ನೀಲಿಯೂ ತೆಳುವಾಯಿತು. ಹೊಸ ಶಾಯಿ ಡಬ್ಬಿಗಳನ್ನು ತಂದು ಕೂರಿಸಿದ. ಒಂದೂ ಗೆರೆ ಬರಲಿಲ್ಲ. ನೋಡಿದರೆ ಗಾಳಿಯಾಡುವ ತೂತಿನ ಮೇಲಿನ ಹಳದಿ ಟೇಪನ್ನೇ ಕಿತ್ತಿರಲಿಲ್ಲ ಪುಣ್ಯಾತ್ಮ. ಕಿತ್ತ ಮೇಲೆ ಮಿಕ್ಕ ಬಣ್ಣಗಳೆಲ್ಲ ಬಂದವು, ಕೆಂಪು ಮಾತ್ರ ಜಪ್ಪಯ್ಯ ಅನ್ನಲಿಲ್ಲ.

ಆ ವಾರವೆಲ್ಲ ಹೆಂಡತಿ ಬಾಗಿಲ ಬಳಿ ಬಂದು ನಿಲ್ಲುತ್ತಿದ್ದಳು. "ಸ್ಟುಡಿಯೋಗೆ ಹೋಗಿಬನ್ನಿ ಅಂದ್ರೆ ಕೇಳಲ್ವಲ್ಲ. ನಂಗೆ ಕಿಟಕಿ ಸರಳೂ ಕಾಣ್ತಿಲ್ಲ ಈಗ."

"ಇನ್ನೇನು ಆಯ್ತು ಕಣೇ. ಮಗಳ ಬಣ್ಣ ಬೇರೆಯವನ ಕೈಲಿ ಹಾಕಿಸ್ಲಾ?"

ಹಟವೇ ಅದು? ಹಟವೂ ಹೌದು. ಆದರೆ ಆಸ್ಪತ್ರೆಯಲ್ಲಿ ಮಗಳ ಮುಖದಿಂದ ದಿನದಿನವೂ ಬಣ್ಣ ಇಳಿಯುತ್ತಿದ್ದಾಗ ಕೈಕಟ್ಟಿ ನಿಂತಿದ್ದವನು ಅವನು. ಊರವರ ಕಾರಿಗೆಲ್ಲ ಬಣ್ಣ ಕೂಡಿಸಿದ ಕೈಗೆ ಇದೊಂದಾದರೂ ದಕ್ಕಲಿ ಎಂದು ಒಳಗೊಳಗೇ ಬೇಯುತ್ತಿದ್ದ.

ಕೊನೆಗೆ ಅವನಿಗೆ ತನ್ನ ಕಸುಬು ನೆನಪಾಯಿತು. ಬಣ್ಣ ಹೊಡೆಯುವ ಗನ್ನಿನ ಮೂತಿ ಕಟ್ಟಿಕೊಂಡರೆ ಏನು ಮಾಡುತ್ತಾರೆ? ಬಣ್ಣ ಕರಗಿಸುವ ಥಿನ್ನರಿನಲ್ಲಿ ನೆನೆಹಾಕುತ್ತಾರೆ. ಇದೂ ಒಂದು ಗನ್ನೇ, ಸ್ವಲ್ಪ ಚಿಕ್ಕದು. ಗ್ಯಾರೇಜಿನಿಂದ ಥಿನ್ನರ್ ತಂದು, ಶಾಯಿ ಚಿಮ್ಮುವ ಭಾಗವನ್ನು ಬಿಡಿಸಿ ಬಟ್ಟಲಲ್ಲಿ ಮುಳುಗಿಸಿದ. ಕೆಳಗೆ ಹಾಸಲು ಕೈಗೆ ಸಿಕ್ಕಿದ್ದು ಆ ಹಸಿರು ಮುಖದ ಹಾಳೆ. ಹೊರತೆಗೆದಾಗ ಸೋರಿದ ಶಾಯಿ ಮುಖವನ್ನೆಲ್ಲ ನುಂಗಿತು. ಅವನು ನೋಡಲೂ ಇಲ್ಲ, ಮುದ್ದೆ ಮಾಡಿ ಕಸಕ್ಕೆ ಎಸೆದ. ಪ್ಲಾಸ್ಟಿಕ್ಕು ಬೆಳ್ಳಗೆ ಬಿರಿದು, ಅಂಟು ಕರಗಿ ಕೈಗೆ ಹತ್ತಿತು. ಯಂತ್ರಕ್ಕೆ ಕೂರಿಸಿದರೆ ಕೆಂಪು ದೀಪ ಮಿಣಮಿಣ ಅಂದಿತು, ಮತ್ತೇನೂ ಇಲ್ಲ.

ಮರುದಿನ ಬೆಳಿಗ್ಗೆ ಬಾಯಿ ಮುಚ್ಚಿಕೊಂಡು ಸ್ಟುಡಿಯೋಗೆ ನಡೆದ. ಸ್ಟುಡಿಯೋದವನು ಅವನ ಬೆರಳಿನ ಕಲೆ ನೋಡಿ ಕಾರಣ ಕೇಳಿದ, ಉತ್ತರ ಕೇಳಿ ಹಣೆ ಚಚ್ಚಿಕೊಂಡ. "ಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆ ಸಾಕಿತ್ತಲ್ಲ ಯಜಮಾನ್ರೇ." ಮಾತಾಡುತ್ತಿದ್ದಂತೆಯೇ ಫೋಟೊ ಬಂತು. ಎಂಥ ಕೆಂಪು! ಶೇಡಣ್ಣನಿಗೂ ಹೆಸರಿಡಲು ಬರದಂಥದ್ದು.

ಮನೆಗೆ ಓಡಿಬಂದು ಹೆಂಡತಿಯ ಕಣ್ಣಿನ ಮುಂದೆ ಹಿಡಿದ. ಅವಳು ಹಾಳೆಯನ್ನು ಹಾಗೆ ಹೀಗೆ ತಿರುಗಿಸಿದಳು, ಕಿಟಕಿಯ ಕಡೆ ಹಿಡಿದಳು.

"ಬೆಳಗ್ಗೆಯಿಂದ ಏನೂ ಕಾಣ್ತಿಲ್ಲಾರೀ," ಅಂದಳು. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ.

ನುಣುಪಾದ ಆ ಫೋಟೊವನ್ನು ಸ್ವಲ್ಪ ಹೊತ್ತು ಸವರಿ ಅವನಿಗೇ ಚಾಚಿದಳು. "ಇದು ಬೇಡ. ಅವತ್ತಿನ ಹಸಿರುದು ಕೊಡಿ. ಅದನ್ನಾದ್ರೂ ನೋಡಿದ್ದೆ."

ಅವನು ಒಳಕೋಣೆಗೆ ಹೋದ. ಕಸದ ಬುಟ್ಟಿ ಖಾಲಿ, ಕಸದವನು ಬಂದು ಹೋಗಿದ್ದ. ಪ್ರಿಂಟರಿನ ತಟ್ಟೆಯಲ್ಲಿ ಬಿಳಿ ಹಾಳೆಗಳಿದ್ದವು, ಮೇಲಿನದೊಂದನ್ನು ತಂದು ಅವಳ ಕೈಗಿಟ್ಟ.

ಅವಳು ಅದನ್ನು ಮಡಿಲಲ್ಲಿ ಹರಡಿಕೊಂಡು ಬೆರಳಾಡಿಸಿದಳು.

"ಕೆನ್ನೆ ಇಲ್ಲಿ ತಾನೆ?"

"ಹೂಂ," ಅಂದ ಅವನು. "ಅಲ್ಲೇ."