ದೋಣಿಯವನು ಮನೆಗೆ ಬಂದ ಕ್ಯಾಸೆಟ್

“ನನ್ ಕ್ಯಾಸೆಟ್ಟಲ್ಲಿ ಒಂದು ಹಾಡೂ ಕಮ್ಮಿ ಇರಲ್ಲ ಬೇಟಾ. ಎಣಿಸ್ಕೋ.”

“ಕಮ್ಮಿ ಅಂತ ಎಲ್ಲಂದೆ ಅಂಕಲ್? ಎಲ್ಲಾ ಇದೆ. ಆದ್ರೆ ನಾನೀಗ ತಗೊಂಡಿರೋ ಸೀಡೀಲಿ ಆರನೇದಾಗಿರೋ ಹಾಡು, ಇದ್ರಲ್ಲಿ ಕೊನೇಗಿದೆ.”

ಅಕ್ತರ್ ಕನ್ನಡಕ ಹಣೆಗೇರಿಸಿ, ಚಿನ್ಮಯಿ ತಂದ ಕ್ಯಾಸೆಟ್ ತಿರುಗಿಸಿ ನೋಡಿದ್ರು. ಹಸಿರು ಇಂಕು, 1992. ತಮ್ಮದೇ ಕೈಬರಹ. ಹನ್ನೊಂದು ವರ್ಷ ಆಗಿತ್ತು.

ಶಿವಾಜಿನಗರದ ಆ ಗಲ್ಲೀಲಿ ಈಗ ಅವರು ಟೀವಿ ರಿಮೋಟ್ ಮಾರ್ತಾರೆ. ಆಗೆಲ್ಲ ಹಲಸೂರು, ಜೋಗುಪಾಳ್ಯದಿಂದ ಕಾಲೇಜು ಹುಡುಗ್ರು ಖಾಲಿ ಕ್ಯಾಸೆಟ್ ಜೇಬಲ್ಲಿಟ್ಕೊಂಡು ಬಸ್ಸಲ್ಲಿ ಬರೋರು, ಅಕ್ತರ್ ತಮ್ಮ ಎಲ್ಪಿ ತಟ್ಟೆಗಳಿಂದ ರೆಕಾರ್ಡ್ ಮಾಡ್ಕೊಡೋರು. ಇಂಗ್ಲಿಷ್ ಹಾಡುಗಳ ಹೆಸರನ್ನ ಒಂದೊಂದೇ ಅಕ್ಷರ ನೋಡಿ ಚಿತ್ರ ಬಿಡಿಸಿದ ಹಾಗೆ ಬರೆಯೋರು. ಆ ಭಾಷೆ ಅವರಿಗೆ ಬರ್ತಿರ್ಲಿಲ್ಲ.

“ಇದರ ಎಲ್ಪೀಲಿ ಮೊದಲನೇ ಅರ್ಧ ಮೂವತ್ಮೂರು ನಿಮಿಷ,” ಅಂದ್ರು. “ಕ್ಯಾಸೆಟ್ಟಿನ ಒಂದು ಸೈಡಿಗೆ ಹಿಡಿಸೋದು ಮೂವತ್ತೇ. ಹಾಡು ಅರ್ಧಕ್ಕೆ ಕಟ್ಟಾದ್ರೆ ಗಿರಾಕಿ ಜಗಳಕ್ಕೆ ಬರ್ತಾನೆ. ಅದಕ್ಕೆ ನಾಲ್ಕು ನಿಮಿಷದ ಹಾಡೊಂದು ಎತ್ತಿ ಇನ್ನೊಂದ್ ಸೈಡ್ ಕೊನೇಗೆ ಹಾಕ್ದೆ. ಏನಾಯ್ತೀಗ?”

“ಅಂಕಲ್, ಅದು ಬಿಡಿಬಿಡಿ ಹಾಡಲ್ಲ, ಪೂರ್ತಿ ಒಂದೇ ಕಥೆ. ದೋಣಿಯವನೊಬ್ಬ ಅಪ್ಪನ ಜೊತೆ ಜಗಳ ಆಡಿ ಮನೆ ಬಿಟ್ಟು ಹೋಗ್ತಾನೆ. ಆರನೇ ಹಾಡಲ್ಲಿ ಮನೆಗೆ ವಾಪಸ್ ಬರ್ತಾನೆ, ಆದ್ರೆ ಅದು ಬರೀ ಕನಸು. ಕೊನೇಲಿ ಮುಳುಗಿ ಹೋಗ್ತಾನೆ. ನಿಮ್ ಕ್ಯಾಸೆಟ್ಟಲ್ಲಿ ಮುಳುಗಿದ್ಮೇಲೂ ಮನೆಗೆ ಬರ್ತಾನೆ, ಅಮ್ಮ ಬಾಗಿಲು ತೆಗೀತಾಳೆ!”

ಚಿನ್ಮಯಿಗೆ ನಗು ತಡೆಯೋಕಾಗ್ತಿರ್ಲಿಲ್ಲ. ಅಕ್ತರ್ ನಗಲಿಲ್ಲ.

“ಇನ್ನೂರು ಜನಕ್ಕೆ ಹೀಗೇ ಕೊಟ್ಟಿದೀನಿ. ಇದು ಯಾರ್ದು?”

“ಕಶ್ಯಪ್ ಮಾಮಂದು. ಪಿಯುಸಿ ಫೇಲಾದಾಗ ತಾತ ಬೈದ್ರು ಅಂತ ಬ್ಯಾಗ್ ತಗೊಂಡು ಹೊರಟುಬಿಟ್ಟಿದ್ನಂತೆ. ಕೆ.ಆರ್. ಪುರಂ ಸ್ಟೇಷನ್ನಲ್ಲಿ ವಾಕ್‌ಮನ್ನಲ್ಲಿ ಇದನ್ನ ಪೂರ್ತಿ ಕೇಳಿ, ಬಂದ ಟ್ರೇನ್ ಹತ್ತದೆ ವಾಪಸ್ ಬಂದ. ಅವನಮ್ಮ ಸೀತಜ್ಜಿ ಬೈಯದೆ ಸಾರು ಬಿಸಿ ಮಾಡಿ ಹಾಕಿದ್ರಂತೆ. ಈಗ್ಲೂ ಹೇಳ್ತಾನೆ, ಆ ಕೊನೇ ಹಾಡು ಇಲ್ದಿದ್ರೆ ಎಲ್ಲಿರ್ತಿದ್ನೋ ಅಂತ.”

ಅಕ್ತರ್ ರಿಮೋಟುಗಳನ್ನ ಸುಮ್ನೆ ಸಾಲಾಗಿ ಜೋಡಿಸಿದ್ರು. ಮತ್ತೆ ಕೆದರಿದ್ರು.

“ಅವನಿಗೆ ಗೊತ್ತಾ?”

“ಇನ್ನೂ ಹೇಳಿಲ್ಲ. ಹೇಳೋದೇ ಬೇಡ್ವಾ ಅಂಕಲ್? ಅವ್ನು ಅದನ್ನ ದೇವರ ಪಕ್ಕ ಇಡೋದೊಂದು ಬಾಕಿ.”

“ನನ್ ಕೈಯಲ್ಲಿ ಆಗಿದ್ದು, ನಾನೇ ಹೇಳ್ತೀನಿ. ಇಷ್ಟು ವರ್ಷ ನಂಬಿದಾನೆ, ಬೇರೆಯವ್ರಿಂದ ಗೊತ್ತಾಗ್ಬಾರ್ದು.” ಅಟ್ಟದ ಕಡೆ ಕೈ ತೋರಿಸಿದ್ರು. “ಎಲ್ಪಿ ಮೇಲಿದೆ. ಪ್ಲೇಯರಿಗೆ ಹೊಸ ಸೂಜಿ ಹಾಕಿಸ್ತೀನಿ. ಶನಿವಾರ ನಾಲ್ಕಕ್ಕೆ ಕರ್ಕೊಂಡ್ ಬಾ. ಮೊದ್ಲಿಂದ ಸರಿಯಾಗಿ ಕೇಳೋಣ.”

“ಕೇಳಿ ಬೇಜಾರಾದ್ರೆ?”

ಅಕ್ತರ್ ಕ್ಯಾಸೆಟ್ಟನ್ನ ಡಬ್ಬಿಗೆ ಹಾಕಿ, ಒರೆಸಿ, ಅವಳ ಕೈಗಿಟ್ರು.

“ಇದನ್ನೂ ತಗೊಂಡ್ ಬಾ. ದೋಣಿ ಮುಳುಗಿದ್ಮೇಲೆ ಇದರ ಕೊನೇ ಹಾಡು ಹಾಕೋಣ.”