ಅಪ್ಪನ ರಿಪೇರಿ ವಿಮಾನ

ಶಹಾಬಾದಿನ ನಮ್ಮ ಮನೆಗೆ ಬಂದವರೆಲ್ಲ ಮೊದಲು ನೀರು ಕುಡಿಯುತ್ತಿದ್ದರು, ಆಮೇಲೆ ನಾನು ಮಾಡಿಟ್ಟ ವಿಮಾನದ ಮಾದರಿಯನ್ನು ನೋಡಿ, "ಯಾವಾಗ ಮುಗೀತದ್ರಿ ಇದು?" ಎಂದು ಕೇಳುತ್ತಿದ್ದರು. ಮುಗಿದಿದೆ ಎಂದರೆ ನಂಬುತ್ತಿರಲಿಲ್ಲ. ಒಂದು ರೆಕ್ಕೆ ಬಿಚ್ಚಿ ಪಕ್ಕದಲ್ಲಿಟ್ಟಿದೆ, ಇಂಜಿನ್ನಿನ ಮುಚ್ಚಳ ತೆಗೆದಿದೆ, ಬಾಲದ ಕಡೆ ಬಟ್ಟೆ ಜೋತುಬಿದ್ದು ಒಳಗಿನ ಪಕ್ಕೆಲುಬು ಕಾಣುತ್ತಿದೆ. ಮುಗಿದದ್ದು ಹೇಗಾದೀತು? ಹುಡುಗಿಯರ ಶಾಲೆಯ ಈ ಡ್ರಾಯಿಂಗ್ ಟೀಚರಮ್ಮನಿಗೆ ಒಂದು ವಿಮಾನ ನೆಟ್ಟಗೆ ಮಾಡಲು ಬರುವುದಿಲ್ಲ ಎಂಬ ಸುದ್ದಿ ವಾಡಿ ಸ್ಟೇಷನ್ನಿನವರೆಗೂ ಹೋಗಿತ್ತು.

ಇದು ಎಪ್ಪತ್ತರ ದಶಕದ ಮಾತು. ವಿಮಾನದ ಹುಚ್ಚು ನನ್ನದಲ್ಲ, ಅಪ್ಪನದು. ಅಪ್ಪ ಸೇಡಂನಲ್ಲಿ ದರ್ಜಿ. ಎರಡನೇ ಮಹಾಯುದ್ಧದ ಕಾಲಕ್ಕೆ ಹೈದರಾಬಾದಿನ ಕಡೆ ಒಂದು ವಿಮಾನ ರಿಪೇರಿ ಶೆಡ್ಡಿನಲ್ಲಿ ಕೆಲಸಕ್ಕಿದ್ದ. ಆಗಿನ ಕೆಲವು ಯುದ್ಧವಿಮಾನಗಳ ಹಿಂಭಾಗಕ್ಕೆ ತಗಡಿರಲಿಲ್ಲ, ಬರೀ ಬಟ್ಟೆ. ಹರಿದು ಬಂದವಕ್ಕೆ ಹೊಸ ಬಟ್ಟೆ ಎಳೆದು ಹೊಲಿಯುವುದು ಅವನ ಕೆಲಸ. ಊರಿಗೆ ಬಂದು ಇದನ್ನು ಹೇಳಿದರೆ, "ವಿಮಾನಕ್ಕ ಅಂಗಿ ಹೊಲದ್ಯೋ, ಚಡ್ಡೀನೋ?" ಎಂದು ನಕ್ಕವರೇ ಹೆಚ್ಚು. ಕಡೆಗೆ ಅವನು ಆ ಮಾತೆತ್ತುವುದನ್ನೇ ಬಿಟ್ಟ.

ಅವ್ವ ತೀರಿಕೊಂಡ ಮೇಲೆ ಅವನನ್ನು ನಮ್ಮ ಮನೆಗೆ ಕರೆತಂದೆ. ಅಷ್ಟರಲ್ಲಿ ಕಣ್ಣು ಬಹುಪಾಲು ಹೋಗಿತ್ತು. ಡಾಕ್ಟರು ಇನ್ನು ಕಾಣುವುದು ಇಷ್ಟೇ ಎಂದಿದ್ದರು. ಒಂದು ದಿನ ಅಪ್ಪ ಕೇಳಿದ: "ಯವ್ವಾ, ನಾ ಕೆಲಸ ಮಾಡಿದಂಥಾದು ಒಂದು ವಿಮಾನ ಮಾಡಿ ಕೊಡ್ತಿಯೇನು? ರಿಪೇರಿಗೆ ನಿಂತಿದ್ದು. ಹಿಂದಿನ ಬಾಜು ಖುಲ್ಲಾ ಬಿಡು." ಕಾಣದ ಕಣ್ಣಿನ ಬದಲು ಬೆರಳಿನಿಂದ ನೋಡಬೇಕಲ್ಲ, ಅದಕ್ಕೆ ತೆರೆದಿರಲಿ ಎನ್ನುತ್ತಿದ್ದಾನೆ ಅಂದುಕೊಂಡೆ.

ಅವನು ಹೇಳುವುದು, ನಾನು ಕೊಯ್ಯುವುದು. ಒಂದಡಿಗೆ ಒಂದಿಂಚಿನ ಅಳತೆ. ಬಿದಿರಿನ ಸೀಳು, ಜೋಳದ ದಂಟಿನ ಬೆಂಡು, ಮೈದಾ ಅಂಟು, ಅವನದೇ ಹಳೆಯ ಧೋತರ. ಒಂದೊಂದು ಪಕ್ಕೆಲುಬನ್ನೂ ಚಿವುಟಿ ನೋಡಿ, "ಭಾಳ ದಪ್ಪ ಆತು. ವಿಮಾನ ಮಾಡಾಕತ್ತೀಯೋ, ಹೊರಸು ಮಾಡಾಕತ್ತೀಯೋ?" ಎಂದು ಹಿಂದಕ್ಕೆ ಕೊಡುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು, ಮತ್ತೆ ಕೆತ್ತುತ್ತಿದ್ದೆ. ಬಟ್ಟೆಯ ಅಂಚನ್ನು ಮಾತ್ರ ಅವನೇ ಕೈಯಾಡಿಸಿಕೊಂಡು ಹೊಲಿದ. ಆಮೇಲೆ ದಿನಾ ಸಂಜೆ ಚಹಾ ಕುಡಿದು, ವಿಮಾನದ ಆ ತೆರೆದ ಹೊಟ್ಟೆಯಲ್ಲಿ ಕೈಯಿಟ್ಟು ಕೂರುತ್ತಿದ್ದ. ಆಗಿನ ಅವನ ಮುಖ ನೋಡುವುದೆಂದರೆ ನನಗೆ ಹಬ್ಬ.

ನಿಜವಾದ ಹಬ್ಬ ಬಂತು. ದಸರೆಯ ಖಂಡೇ ಪೂಜೆಗೆ, ಅಂದರೆ ಆಯುಧಪೂಜೆಗೆ, ನಮ್ಮಲ್ಲಿ ಒಡೆದದ್ದು, ತೂತು ಬಿದ್ದದ್ದು ಮನೆಯಲ್ಲಿರಬಾರದು. "ಇದು ಹೊಟ್ಟಿ ಬಿಚ್ಗೊಂಡು ನಿಂತದ, ಇದನ್ನೆಲ್ಲಿ ಇಡ್ತಿ?" ಎಂದು ಅತ್ತೆ ಎರಡು ಸಲ ಕೇಳಿದ್ದರು. ಅದನ್ನು ಕೇಳಿಸಿಕೊಂಡವರು ಭಾವ, ನನ್ನ ಗಂಡನ ಅಣ್ಣ. ವಾಡಿಯಲ್ಲಿ ಗಾರೆ ಕೆಲಸದ ಗವಂಡಿ. ಪ್ರತಿವರ್ಷ ದಸರೆಗೆ ಮೊದಲು ಬಂದು ನಮ್ಮ ಗೋಡೆಗಳ ತೂತು ಮುಚ್ಚಿ, ಸಿಮೆಂಟಿನ ಗಿಲಾವ ಮಾಡಿ, ಸುಣ್ಣ ಹೊಡೆದು ಹೋಗುತ್ತಿದ್ದರು. ಸಿಮೆಂಟಿನ ಧೂಳು ಹಪ್ಪಳದ ಮೇಲೂ ಕೂರುವ ಸೀಮೆ ನಮ್ಮದು. ಇಲ್ಲಿಯ ಗವಂಡಿಗೆ ತೂತು ಕಂಡರೆ ಕೈ ಸುಮ್ಮನಿರುವುದಿಲ್ಲ, ಕೇಳುವ ಪದ್ಧತಿಯೂ ಇಲ್ಲ.

ನಾನು ಶಾಲೆಯಿಂದ ಬರುವಷ್ಟರಲ್ಲಿ ಗೋಡೆ ಆಗಿತ್ತು, ಬಚ್ಚಲಿನ ಮೆಟ್ಟಿಲು ಆಗಿತ್ತು, ಇಲಿಯ ಬಿಲ ಆಗಿತ್ತು, ವಿಮಾನವೂ ಆಗಿತ್ತು. ಸಿಮೆಂಟು ಚೀಲದ ಕಾಗದ ಒಳಗೆ ತುರುಕಿ, ಮೇಲೆ ಗಿಲಾವ ಎಳೆದು, ಒದ್ದೆ ಬಟ್ಟೆಯಿಂದ ನುಣ್ಣಗೆ ಉಜ್ಜಿದ್ದರು. ಬಿಚ್ಚಿಟ್ಟಿದ್ದ ರೆಕ್ಕೆಯನ್ನೂ ಸಿಮೆಂಟಿನಲ್ಲೇ ಕೂಡಿಸಿದ್ದರು. ಭಾರಕ್ಕೆ ಚಕ್ರಗಳು ಅತ್ತೊಂದು ಇತ್ತೊಂದು ಚಾಚಿಕೊಂಡು, ವಿಮಾನ ಹೊಟ್ಟೆಯ ಮೇಲೆ ಕೂತಿತ್ತು.

"ತಂಗಿ, ಸಾಲಿ ಕೆಲಸದಾಗ ನಿನಗ ಪುರಸೊತ್ತಾಗಂಗಿಲ್ಲ. ನಾನೇ ಮುಗಿಸಿಬಿಟ್ಟೀನಿ. ನಾಕು ದಿನ ನೀರು ಹೊಡಿ, ಆಮ್ಯಾಲ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗಂಗಿಲ್ಲ," ಎಂದರು ಭಾವ.

ನನ್ನ ಮೈಯೆಲ್ಲ ಉರಿದುಹೋಯಿತು. ಆದರೆ ಗಂಡನ ಅಣ್ಣ, ಮೇಲೆ ಹಬ್ಬ, ಮೇಲೆ ಪುಕ್ಕಟೆ ಕೆಲಸ. "ಛಲೋ ಆತ್ರಿ ಭಾವಾ" ಎಂದು ಸಕ್ಕರೆ ಹಾಕದ ಚಹಾ ಕೊಟ್ಟೆ. ಅದೂ ಅವರಿಗೆ ರುಚಿಯಾಯಿತು.

ನಿದ್ದೆಯಿಂದೆದ್ದ ಅಪ್ಪ ಗೋಡೆ ಹಿಡಿದುಕೊಂಡು ಬಂದ. ದಿನದಂತೆ ಕೈ ಚಾಚಿದ. ಬೆರಳು ತಣ್ಣನೆಯ ಸಿಮೆಂಟಿನ ಮೇಲೆ ಜಾರಿದವು. ಮೇಲೆ ಹುಡುಕಿದವು, ಕೆಳಗೆ ಹುಡುಕಿದವು, ನಿಂತವು. ಭಾವ ಹೊಗಳಿಕೆಗೆ ಕಾಯುತ್ತ ನಿಂತಿದ್ದರು.

"ನಿಮ್ಮ ಕೈ ಭಾಳ ಸಾಫ್ ಅದರಿ," ಎಂದ ಅಪ್ಪ. ಭಾವ ಖುಷಿಯಿಂದ ಸ್ನಾನಕ್ಕೆ ಹೋದರು.

ನಾನು ಸುತ್ತಿಗೆ, ಉಳಿ ತಂದೆ. "ಒಡೀತೀನಿ ಅಪ್ಪಾ. ಹೊಸದು ಮಾಡೋಣು."

ಅವನು ನನ್ನ ಮಣಿಕಟ್ಟು ಹಿಡಿದ. "ಬಿಡು."

"ನೀ ಇನ್ನ ಕೈ ಎಲ್ಲಿ ಹಾಕ್ತಿ?"

"ಕೈ ಹಾಕ್ಲಿಕ್ಕಂತ ಯಾರು ಹೇಳಿದ್ರು ನಿನಗ?" ಎಂದು ಅಲ್ಲಿಯೇ ನೆಲದ ಮೇಲೆ ಕೂತ. "ಶೆಡ್ಡಿನಾಗ ನಾ ಹೊಲದು ಮುಚ್ಚಿದ್ನೆಂದ್ರ ಮರುದಿನ ಯಾವನರೆ ಒಬ್ಬ ಹುಡುಗ ಬಂದು ಅದರಾಗ ಕುಂದರ್ತಿದ್ದ. ಮೀಸಿ ಸೈತ ಬಂದಿರ್ತಿದ್ದಿಲ್ಲ. ನನ್ನ ಹೊಲಿಗಿ ಮುಟ್ಟಿ ನಗ್ತಿದ್ದ, ಹೋಗ್ತಿದ್ದ. ಎಷ್ಟೋ ಮಂದಿ ತಿರುಗಿ ಬರ್ಲಿಲ್ಲ. ಖುಲ್ಲಾ ಇದ್ದಿದ್ದು ಮಾತ್ರ ಶೆಡ್ಡಿನಾಗೇ ಇರ್ತಿತ್ತು. ಅದಕ್ಕ ಖುಲ್ಲಾ ಬಿಡು ಅಂದಿದ್ದೆ."

ಇಷ್ಟು ವರ್ಷದಲ್ಲಿ ಅಪ್ಪ ಇದನ್ನು ಯಾರಿಗೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅವನು ಎರಡೂ ಕೈ ಹಚ್ಚಿ ವಿಮಾನವನ್ನು ಎತ್ತಲು ನೋಡಿದ. ಅದು ಅಲುಗಲಿಲ್ಲ. ಇನ್ನೊಮ್ಮೆ ಎತ್ತಿ ನೋಡಿದ.

"ನಿಮ್ಮ ಭಾವ ಬರೋಬ್ಬರಿ ಮಾಡ್ಯಾರ," ಎಂದ. "ಇದರಾಗ ಕುಂತು ಯಾರೂ ಸಾಯಂಗಿಲ್ಲ."