ಬ್ರೇಕಕ್ಕ ಹೊಸ ಊರು ನೋಡಲು ಹೋದದ್ದು

ಆ ಸಣ್ಣ ಊರಿನಲ್ಲಿ ಕಾರು ಓಡಿಸುವವರಲ್ಲಿ ಅರ್ಧಕ್ಕರ್ಧ ಜನ ಅವಳ ಪಕ್ಕ ಕೂತು, ಬೈಸಿಕೊಂಡು ಕಲಿತವರೇ. ಹಲ್ಲಿನ ಡಾಕ್ಟರು, ಮಾಂಸದಂಗಡಿಯವನು, ಒಂದು ಕಾಲದಲ್ಲಿ ಅವಳಿಗೇ ಲೆಕ್ಕ ಹೇಳಿಕೊಟ್ಟ ಟೀಚರು, ಯಾರನ್ನೂ ಅವಳು ಬಿಟ್ಟಿರಲಿಲ್ಲ. ಬೀದಿಯ ಈ ತುದಿಯಲ್ಲಿ ಅವಳು "ಬ್ರೇಕ್!" ಎಂದು ಕೂಗಿದರೆ ಆ ತುದಿಯಲ್ಲಿ ಸೈಕಲ್ ತುಳಿಯುತ್ತಿದ್ದವನೂ ಗಕ್ಕನೆ ನಿಲ್ಲುತ್ತಿದ್ದ. ಹೀಗಾಗಿ ಎಲ್ಲರ ಬಾಯಲ್ಲೂ ಅವಳು ಬ್ರೇಕಕ್ಕ.

ಅವಳಿಗೆ ಕಲಿಸಿದವನು ಅಪ್ಪ. ಬೇಕರಿಯ ವ್ಯಾನ್ ಓಡಿಸುತ್ತಿದ್ದ ಅವನು, ಹಿಂದಿನ ಟ್ರೇಗಳಲ್ಲಿ ಒಂದು ಬನ್ನೂ ಮಗುಚದ ಹಾಗೆ ತಿರುವು ತೆಗೆದುಕೊಳ್ಳುವುದನ್ನು ಮಗಳಿಗೆ ರೂಢಿ ಮಾಡಿಸಿದ್ದ. ಮುಂದೆ ಅವಳು ಕೈಹಿಡಿದದ್ದು ಕನ್ನಡಕದಂಗಡಿಯಲ್ಲಿ ಫ್ರೇಮಿಗೆ ಗಾಜು ಕೂರಿಸುವವನನ್ನು. ಊರಿಗೆಲ್ಲ ಕಲಿಸಿದವಳಿಗೆ ಗಂಡನಿಗೆ ಮಾತ್ರ ಕಲಿಸಲು ಆಗಿರಲಿಲ್ಲ. ಅವಳ ಕಾಟ ತಡೆಯಲಾರದೆ ಕಲಿಯುವವರ ಲೈಸೆನ್ಸ್ ಮಾಡಿಸಿ ಪರ್ಸಿನಲ್ಲಿಟ್ಟುಕೊಂಡಿದ್ದನೇ ಹೊರತು ಸ್ಟೀರಿಂಗ್ ಮುಟ್ಟಿದವನಲ್ಲ. "ಮನೇಲಿ ಬೈಸಿಕೊಳ್ಳೋದು ಸಾಲದೂಂತ ರೋಡಲ್ಲೂ ಬೈಸಿಕೊಳ್ಳಬೇಕಾ?" ಎಂದು ನುಣುಚಿಕೊಳ್ಳುತ್ತಿದ್ದ.

ಹೀಗಿರುವಾಗ ಕನ್ನಡಕದಂಗಡಿಯ ಯಜಮಾನರು ದೂರದ ದೊಡ್ಡ ನಗರದಲ್ಲಿ ಇನ್ನೊಂದು ಅಂಗಡಿ ತೆರೆದು, ಅದನ್ನು ನೀನೇ ನೋಡಿಕೊ ಎಂದುಬಿಟ್ಟರು. ಅವನು ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದ. ಇಷ್ಟು ವರ್ಷ ಕಟ್ಟಿಕೊಂಡ ಹೆಸರನ್ನು ಬಿಟ್ಟು ಬಾ ಎಂದು ಹೆಂಡತಿಗೆ ಹೇಳುವುದು ಹೇಗೆ?

"ನೀನು ಬೇಡ ಅಂದ್ರೆ ಬೇಡ ಕಣೇ," ಎಂದ.

ದಿಂಬಿಗೆ ಕವರು ಹಾಕುತ್ತಿದ್ದ ಬ್ರೇಕಕ್ಕ ದಿಂಬನ್ನು ಹಾಗೇ ಕೈಬಿಟ್ಟಳು. "ಯಾವಾಗ ಹೋಗೋಣ?"

"ಬೇಜಾರಿಲ್ವಾ?"

"ಬೇಜಾರಾ? ಈ ಊರಲ್ಲಿ ಒಂದೊಂದು ಗುಂಡಿಗೂ ನನ್ನ ಗುರುತಿದೆ ಕಣ್ರೀ. ಕಣ್ಣು ಮುಚ್ಚಿಕೊಂಡು ಓಡಿಸ್ತೀನಿ. ನನಗೆ ಗೊತ್ತಿಲ್ದೇ ಇರೋ ರಸ್ತೆ ನೋಡಿ ಎಷ್ಟು ಕಾಲ ಆಯ್ತು!"

ಸಾಮಾನು ಕಟ್ಟುವ ಮೊದಲು ಒಮ್ಮೆ ಹೋಗಿ ಊರು, ಮನೆ ಎರಡನ್ನೂ ನೋಡಿಕೊಂಡು ಬರುವುದೆಂದು ತೀರ್ಮಾನವಾಯಿತು. ಬೇರೆ ಕಾರಿಲ್ಲ, ಕಲಿಸುವ ಕಾರಿನಲ್ಲೇ ಹೊರಟರು. ಅದರ ತಲೆಯ ಮೇಲೆ "ಕಲಿಯುತ್ತಿದ್ದಾರೆ, ದೂರವಿರಿ" ಎಂಬ ಫಲಕ. ಬಿಚ್ಚೋಣವೆಂದರೆ ತಿರುಪುಗಳು ತುಕ್ಕು ಹಿಡಿದು ಜಪ್ಪಯ್ಯ ಅನ್ನಲಿಲ್ಲ. ಹೆದ್ದಾರಿಯಲ್ಲಿ ದೈತ್ಯ ಲಾರಿಗಳೂ ಅವರನ್ನು ಕಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟವು. "ಮಂತ್ರಿಗಳಿಗೂ ಇಷ್ಟು ಮರ್ಯಾದೆ ಇಲ್ಲ," ಎಂದು ಅವಳು ಕಿಟಕಿಯಿಳಿಸಿ ಕೂದಲು ಹಾರಲು ಬಿಟ್ಟಳು.

ತೊಂದರೆಯಿದ್ದದ್ದು ಒಂದೇ. ಆ ಕಾರಿನಲ್ಲಿ ಕಲಿಸುವವರ ಕಾಲಿನ ಕೆಳಗೂ ಒಂದು ಬ್ರೇಕ್ ಇತ್ತು, ಆ ಸೀಟಿನಲ್ಲಿ ಈಗ ಗಂಡ ಕೂತಿದ್ದ. ಎದುರಿಗೆ ಲಾರಿ ಕಂಡರೆ ಸಾಕು, ಅವನ ಕಾಲು ತಾನಾಗಿ ಅದನ್ನು ಒತ್ತುತ್ತಿತ್ತು. ಕಾರು ಮುಗ್ಗರಿಸುತ್ತಿತ್ತು.

"ಕಾಲು ಮೇಲಿಟ್ಕೊಳ್ರೀ!"

ಪಾಪ, ಉಳಿದ ದಾರಿಯನ್ನು ಅವನು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿಕೊಂಡೇ ಕಳೆದ.

ಮಧ್ಯಾಹ್ನಕ್ಕೆ ನದಿಯ ಸೇತುವೆ ದಾಟಿದರೆ ನಗರ ಒಮ್ಮೆಲೇ ಎದುರಾಯಿತು. ಒಂದರ ಮೇಲೊಂದು ಹಾದುಹೋಗುವ ರಸ್ತೆಗಳು, ಉದ್ದುದ್ದ ಬಸ್ಸುಗಳು, ಗಾಜಿನ ಗೋಡೆಗಳಲ್ಲಿ ಓಡುವ ಮೋಡಗಳು. ಬ್ರೇಕಕ್ಕನ ಎದೆ ಡವಡವ ಎನ್ನತೊಡಗಿತು. ಹೆದರಿಕೆಯೋ ಖುಷಿಯೋ ಅವಳಿಗೇ ತಿಳಿಯಲಿಲ್ಲ. ಆಗ ಬಂತು ಐದು ರಸ್ತೆ ಕೂಡುವ ಭಾರೀ ಸರ್ಕಲ್.

"ಯಾವ ಕಡೆ ರೀ?"

ಗಂಡ ಫೋನಿನಲ್ಲಿ ನಕ್ಷೆಯನ್ನು ಉಲ್ಟಾ ಸೀದಾ ಮಾಡಿ ನೋಡಿದ. "ಇದೇ... ಅಲ್ಲ, ಅದು... ಅಯ್ಯೋ, ಹೋಯ್ತು."

ಮತ್ತೊಂದು ಸುತ್ತು. ಈ ಸಲ ದಾರಿ ಗೊತ್ತಾಯಿತು, ಆದರೆ ಪಕ್ಕದಲ್ಲಿ ಬಸ್ಸೊಂದು ಗೋಡೆಯಂತೆ ಅಡ್ಡ ಬಂತು. ಗಾಣದ ಎತ್ತಿನ ಹಾಗೆ ಸುತ್ತುತ್ತಲೇ ಇದ್ದಾಗ ಸೀಟಿ ಕೇಳಿಸಿತು. ಸಂಚಾರ ಪೊಲೀಸಮ್ಮ ಕಾರನ್ನು ಬದಿಗೆ ಹಾಕಿಸಿ, ಫಲಕ ನೋಡಿ, ನೇರ ಗಂಡನ ಕಿಟಕಿಗೆ ಬಂದಳು.

"ಏನ್ ಸಾರ್, ಹೊಸದಾಗಿ ಕಲಿಯೋರನ್ನ ಈ ಸರ್ಕಲ್‌ಗೆ ಕರ್ಕೊಂಡು ಬರ್ತಾರಾ? ಪಾಪ, ಅವರ ಮುಖ ನೋಡಿ, ಹೇಗೆ ಬೆವರಿದ್ದಾರೆ."

ಗಂಡ ಹೆಂಡತಿಯನ್ನೊಮ್ಮೆ ನೋಡಿದ. ಇಂಥ ಅವಕಾಶ ಜನ್ಮದಲ್ಲಿ ಇನ್ನೊಮ್ಮೆ ಸಿಗುವುದಿಲ್ಲ ಎಂದು ಅವನಿಗೆ ಹೊಳೆಯಿತು. "ತಪ್ಪಾಯ್ತು ಮೇಡಂ," ಎಂದು ನಿಟ್ಟುಸಿರಿಟ್ಟ. "ಎಷ್ಟು ಹೇಳ್ಕೊಟ್ರೂ ಇವರ ತಲೆಗೆ ಹೋಗಲ್ಲ."

ಬ್ರೇಕಕ್ಕನ ಕಿವಿ ಕೆಂಪಾದವು. ಬಾಯಿ ತೆರೆಯುವಷ್ಟರಲ್ಲಿ ಪೊಲೀಸಮ್ಮ ಅಕ್ಕರೆಯಿಂದ ಇತ್ತ ಬಾಗಿದಳು. "ಹೆದರ್ಕೋಬೇಡಿ ಅಮ್ಮ. ನಾನೂ ಮೊದಮೊದಲು ಇಲ್ಲಿ ಹೀಗೇ ಸುತ್ತಿದೀನಿ. ನಿಮ್ಮ ರಸ್ತೆ ಬಂದ್ಮೇಲೆ ಹೊರಗಿನ ಸಾಲಿಗೆ ಬರೋಕೆ ಹೋಗ್ಬೇಡಿ. ಅದರ ಹಿಂದಿನ ರಸ್ತೆ ದಾಟಿದ ತಕ್ಷಣ ಬಂದ್ಬಿಡಿ. ಎಲ್ಲಿ, ನೋಡೋಣ."

ಅವಳಿಗೆ ಯಾರಾದರೂ ಏನನ್ನಾದರೂ ಹೇಳಿಕೊಟ್ಟು ಎಷ್ಟು ವರ್ಷವಾಗಿತ್ತೋ! ಹೇಳಿದ ಹಾಗೆ ಮಾಡಿದಳು. ಕಾರು ಬೆಣ್ಣೆಯಲ್ಲಿ ಕೂದಲು ಎಳೆದಷ್ಟು ಸಲೀಸಾಗಿ ಹೊರಗೆ ಬಂತು. ಸ್ವಲ್ಪ ಮುಂದೆ ಹೋಗಿ ನಿಲ್ಲಿಸಿ ಗಂಡನ ತೊಡೆಯನ್ನು ಬಲವಾಗಿ ಚಿವುಟಿದಳು. "ನನ್ನ ತಲೆಗೆ ಹೋಗಲ್ವಾ?" ಎಂದು ಬೈಯಲು ಹೊರಟವಳಿಗೆ ನಗು ಉಕ್ಕಿ ಬಂತು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ರೀ, ಇನ್ನೊಂದು ಸಲ ಹೋಗೋಣ್ವಾ?"

ಬೇಕೆಂದೇ ಹಿಂದಿರುಗಿ, ಒಂದು ಸುತ್ತು ಹಾಕಿ, ಪೊಲೀಸಮ್ಮನಿಗೆ ಕೈಬೀಸಿ ಹೊರಬಂದಳು.

ನೋಡಬೇಕಿದ್ದ ಮನೆ ಒಂದು ಕಡಿದಾದ ಏರುಬೀದಿಯಲ್ಲಿತ್ತು. ಕೆಳಗಿನ ಮನೆಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಯಜಮಾನಿ, ಮೇಲೆ ಬಾಡಿಗೆಗೆ ಎರಡು ಕೋಣೆ. ಗಂಡ ನಲ್ಲಿ ತಿರುಗಿಸಿದ, ಕಪಾಟು ತೆರೆದ, ಗೋಡೆ ತಟ್ಟಿ ನೋಡಿದ. ಬ್ರೇಕಕ್ಕ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ.

"ಅಡುಗೆಮನೆ ನೋಡು ಬಾರೇ."

"ಏರು ನೋಡ್ರೀ! ಎಂಥಾ ಏರು! ನಮ್ಮೂರಲ್ಲಿ ಇಂಥದ್ದೊಂದು ಇದ್ದಿದ್ರೆ ಅರ್ಧ ದಿನದಲ್ಲಿ ಎಲ್ಲರಿಗೂ ಕ್ಲಚ್ ಬರ್ತಿತ್ತು."

ಅಷ್ಟರಲ್ಲಿ ಬೆರಳಿನ ಅಂಟು ಒರೆಸಿಕೊಳ್ಳುತ್ತ ಮೇಲೆ ಬಂದ ಯಜಮಾನಿ ಆ ಮಾತು ಕೇಳಿ, ಕಿಟಕಿಯಿಂದ ಹೊರಗಿನ ಕಾರನ್ನು ನೋಡಿದಳು. ಮುಖ ಗಂಟಾಯಿತು. "ಕಲಿಯೋರನ್ನೆಲ್ಲ ಇಲ್ಲಿಗೆ ತರ್ತೀರಾ? ಆಗಲ್ಲಮ್ಮ. ಹಿಂದಕ್ಕೆ ಜಾರಿ ನನ್ನ ಗೇಟಿಗೆ ಗುದ್ದಿದ್ರೆ?"

"ಜಾರಲ್ಲ ಅಮ್ಮ. ಬೇಕಿದ್ರೆ ಈಗ್ಲೇ ತೋರಿಸ್ತೀನಿ."

"ನೀವು ಓಡಿಸಿದ್ರೆ ಜಾರಲ್ಲ ಬಿಡಿ. ಏನೂ ಬರದೇ ಇರೋರು ಓಡಿಸಿದ್ರೆ?"

ಬ್ರೇಕಕ್ಕ ಮೆಲ್ಲನೆ ಗಂಡನ ಕಡೆ ತಿರುಗಿದಳು. ಅವನು ಬಾಗಿಲ ಕಡೆ ನೋಡಿದ.

"ಮನೆ ಬೇಕಾ ಬೇಡ್ವಾ?" ಎಂದಳು.

ಅಡುಗೆಮನೆಯ ಬೆಳಕು ಅವನ ಮನಸ್ಸಿಗೂ ಹಿಡಿಸಿಬಿಟ್ಟಿತ್ತು. ಬಲಿಗೆ ಹೊರಟವನ ಹಾಗೆ ಇಳಿದು ಹೋಗಿ ಚಾಲಕನ ಸೀಟಿನಲ್ಲಿ ಕೂತ. ಯಜಮಾನಿ ಸುಮ್ಮನಿರಲಿಲ್ಲ. ಕೆಂಪು ಹೂ ಬಿಟ್ಟಿದ್ದ ಮಣ್ಣಿನ ಕುಂಡವೊಂದನ್ನು ತಂದು ಕಾರಿನ ಹಿಂದೆ ಮೊಳದ ದೂರದಲ್ಲಿ ಇಟ್ಟು, ಸೊಂಟಕ್ಕೆ ಕೈಕೊಟ್ಟು ನಿಂತಳು.

ಪಕ್ಕದ ಸೀಟಿಗೆ ಬಂದು ಕೂತ ಬ್ರೇಕಕ್ಕ ಈ ಸಲ ಕೂಗಲಿಲ್ಲ. "ಕ್ಲಚ್ಚನ್ನ ನಿಧಾನಕ್ಕೆ ಬಿಡಿ. ಕಾರು ಮೂಗು ಎತ್ತತ್ತೆ. ಆಗ ಹ್ಯಾಂಡ್‌ಬ್ರೇಕ್ ಇಳಿಸಿ, ಸಾಕು."

ಅವನು ಕಾರು ಮೂಗೆತ್ತುವ ಮೊದಲೇ ಇಳಿಸಿಬಿಟ್ಟ. ಎಂಜಿನ್ ಕೆಮ್ಮಿ ನಿಂತಿತು, ಕಾರು ಜರ್ರನೆ ಹಿಂದಕ್ಕೆ ಸರಿಯಿತು. "ಅಯ್ಯೋ, ಕುಂಡ!" ಎಂದು ಅವನು ಕಣ್ಣು ಮುಚ್ಚಿದ. ಬ್ರೇಕಕ್ಕನ ಕಾಲು ಆಗಲೇ ತನ್ನ ಕೆಲಸ ಮುಗಿಸಿತ್ತು. ಯಜಮಾನಿ ಬಗ್ಗಿ ನೋಡಿದಳು. ಕಾರಿಗೂ ಕುಂಡಕ್ಕೂ ನಡುವೆ ಅವಳ ಅಂಗೈ ಹಿಡಿಸುವಷ್ಟು ಜಾಗವಿತ್ತು.

"ಜಾರ್ತಲ್ಲಾ?" ಎಂದಳು.

"ಕಲಿಯೋರು ಜಾರದೇ ಇರ್ತಾರಾ ಅಮ್ಮ? ಹಿಡಿಯೋಕೆ ಅಂತ ತಾನೇ ನಾನಿರೋದು?"

ಯಜಮಾನಿ ಕುಂಡವನ್ನು ಎತ್ತಿ ಕಂಕುಳಲ್ಲಿ ಇರುಕಿಕೊಂಡಳು. "ಮನೆ ಸುಣ್ಣಬಣ್ಣ ಮಾಡಿಸಿಕೊಡ್ತೀನಿ. ಯಾವಾಗ ಬರ್ತೀರಿ?"

ಬ್ರೇಕಕ್ಕನಿಗೆ ಕಾರಿನಿಂದ ಹಾರಿ ಅವಳನ್ನು ತಬ್ಬಿಕೊಳ್ಳಬೇಕೆನಿಸಿತು. ಆದರೆ ಇಳಿಯಲು ಗಂಡ ಬಿಟ್ಟರೆ ತಾನೇ! "ತಡಿಯೇ, ಇನ್ನೊಂದು ಸಲ," ಎಂದು ಅವನು ಹಲ್ಲು ಕಚ್ಚಿ ಮತ್ತೆ ಎಂಜಿನ್ ಶುರು ಮಾಡಿದ್ದ. ಈ ಸಲ ಕಾರು ಮೂಗೆತ್ತಿತು, ನಡುಗಿತು, ಮುಂದಕ್ಕೆ ಹೊರಟೇಬಿಟ್ಟಿತು. "ಹೋಗ್ತಿದೆ! ಲೇ, ಹೋಗ್ತಿದೆ ಕಣೇ!" ಅವನ ಕೂಗಿಗೆ ಬೀದಿಯ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಅವನು ಏರಿನ ತುದಿಯವರೆಗೂ ಹತ್ತಿಸಿದ.

ಅಲ್ಲಿಂದ ಇಡೀ ನಗರ ಕೆಳಗೆ ಹರಡಿಕೊಂಡು ಕಾಣುತ್ತಿತ್ತು. ಇಳಿಬಿಸಿಲಿನಲ್ಲಿ ರಸ್ತೆಗಳು ಹೊಳೆಯುತ್ತಿದ್ದವು. ಎದುರಿಗೆ ಬೀದಿ ಎರಡಾಗಿ ಒಡೆದಿತ್ತು.

"ಈಗ ಯಾವ ಕಡೆಗೆ?" ಎಂದು ಕೇಳಿದ, ಉಸಿರು ಬಿಗಿಹಿಡಿದು.

"ನನಗೇನು ಗೊತ್ತು?" ಎಂದಳು ಬ್ರೇಕಕ್ಕ. "ಯಾವುದಾದ್ರೂ ಸರಿ, ನಡೀರಿ."